ಪೇಮೆಂಟ್ ಸುತ್ತುತ್ತಲೇ ಇದೆಯೇ? ಮತ್ತೆ ಪೇ ಮಾಡಿದರೆ ಮೊದಲನೆಯದು ರದ್ದಾಗುತ್ತದೆಯೇ?

ಪೀಣ್ಯದ ಕಾರ್ಖಾನೆಯೊಂದರ ಪಕ್ಕ, ತಗಡಿನ ಸೂರಿನ ಹೋಟೆಲು. ಊಟದ 60 ರೂಪಾಯಿಗೆ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ದೀರಿ, ಚಕ್ರ ಸುತ್ತುತ್ತಲೇ ಇದೆ. ಹಿಂದೆ ನಿಂತವರ ಸಲಹೆ: "ಆ್ಯಪ್ ಕ್ಲೋಸ್ ಮಾಡಿ ಮತ್ತೆ ಪೇ ಮಾಡಿ, ಮೊದಲನೆಯದು ತಾನಾಗೇ ಕ್ಯಾನ್ಸಲ್ ಆಗುತ್ತೆ."

ಆಗುವುದಿಲ್ಲ. ಆ್ಯಪ್ ಮುಚ್ಚಿದರೆ ಮುಚ್ಚುವುದು ನಿಮ್ಮ ಪರದೆ ಮಾತ್ರ. ಕೋರಿಕೆ ಒಮ್ಮೆ ಫೋನ್ ದಾಟಿತೆಂದರೆ ಉಳಿದ ಕೆಲಸ ಬ್ಯಾಂಕುಗಳ ಮತ್ತು ಎನ್‌ಪಿಸಿಐ ಸರ್ವರ್‌ಗಳ ನಡುವೆ ನಡೆಯುತ್ತದೆ. ಅದಕ್ಕೆ ನಿಮ್ಮ ಸಿಗ್ನಲ್ ಬೇಕಿಲ್ಲ. ತಗಡಿನ ಶೆಡ್ಡು, ವೈಟ್‌ಫೀಲ್ಡ್ ಟೆಕ್ ಪಾರ್ಕುಗಳ ಬೇಸ್‌ಮೆಂಟಿನಂಥ ಕಡೆ ಲೋಹ, ಕಾಂಕ್ರೀಟು ರೇಡಿಯೋ ತರಂಗಗಳನ್ನು ತಡೆಯುತ್ತವೆ. ಅಲ್ಲಿ ಕೋರಿಕೆಯೇ ಹೋಗದಿರಬಹುದು, ಅಥವಾ ಹಣ ಹೋಗಿ ಉತ್ತರ ಮಾತ್ರ ಬಾರದಿರಬಹುದು. ಫೋನಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಆ್ಯಪ್ ‘ಫೇಲ್’ ಎನ್ನದೆ ‘ಪೆಂಡಿಂಗ್’ ಎನ್ನುತ್ತದೆ.

ಪ್ರತಿ ಪಾವತಿಗೂ ಬೇರೆ ಗುರುತಿನ ಸಂಖ್ಯೆಯಿದೆ. ನೆಟ್‌ವರ್ಕ್ ಬಂದಾಗ ಆ್ಯಪ್ ಅದೇ ಸಂಖ್ಯೆ ಹಿಡಿದು ‘ಏನಾಯಿತು?’ ಎಂದು ವಿಚಾರಿಸುತ್ತದೆ, ಇದರಿಂದ ಹಣ ಮತ್ತೆ ಕಡಿತವಾಗದು. ನೀವೇ ಮತ್ತೆ ಪಿನ್ ಹಾಕಿದರೆ ಹೊಸ ಸಂಖ್ಯೆ, ಹೊಸ ಪಾವತಿ. ಬ್ಯಾಂಕಿನ ಲೆಕ್ಕದಲ್ಲಿ ನೀವು ಎರಡು ಊಟ ಮಾಡಿದ್ದೀರಿ! ಎರಡೂ ಯಶಸ್ವಿಯಾದರೆ ತಾನಾಗಿ ವಾಪಸ್ ಬರುವುದಿಲ್ಲ, ಅಂಗಡಿಯವರೇ ಕೊಡಬೇಕು.

ಸೌಂಡ್‌ಬಾಕ್ಸ್ ಕೂಗಲಿಲ್ಲ ಎನ್ನುವುದೂ ಸಾಕ್ಷಿಯಲ್ಲ. ಅದಕ್ಕೂ ನೆಟ್‌ವರ್ಕ್ ಬೇಕು, ಅದೂ ಅದೇ ಸೂರಿನ ಕೆಳಗಿದೆ.

ಹೊರಗೆ ಬಂದು ಆ್ಯಪ್‌ನ ಹಿಸ್ಟರಿ, ಬ್ಯಾಂಕ್ ಖಾತೆ ಎರಡನ್ನೂ ನೋಡಿ. 12 ಅಂಕಿಯ ಯುಪಿಐ ರೆಫರೆನ್ಸ್ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅವಸರವಿದ್ದರೆ ನಗದು ಕೊಟ್ಟು, "ಇದೂ ಬಂದರೆ ನಾಳೆ ವಾಪಸ್ ಕೊಡಿ ಅಣ್ಣಾ" ಎಂದು ಆ ಸಂಖ್ಯೆ ತೋರಿಸಿ. ದಿನಾ ಬರುವ ಗಿರಾಕಿಗೆ ಇದು ನಡೆಯುತ್ತದೆ.

ಹಣ ಕಡಿತವಾಗಿ ಅಂಗಡಿಗೆ ದೃಢೀಕರಣ ತಲುಪದಿದ್ದರೆ 5 ದಿನದೊಳಗೆ, ವ್ಯಕ್ತಿಯ ಖಾತೆಗೆ ಜಮೆಯಾಗದಿದ್ದರೆ ಮರುದಿನದೊಳಗೆ ಅದು ವಾಪಸಾಗಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಆದೇಶಿಸಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಬಾರದಿದ್ದರೆ ಆ್ಯಪ್‌ನಲ್ಲೇ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ.

‘ರೀಫಂಡ್‌ಗೆ ಈ ಲಿಂಕ್ ಒತ್ತಿ, ಪಿನ್ ಹಾಕಿ’ ಎಂಬ ಮೆಸೇಜ್ ಬಂದರೆ ಅದು ಮೋಸ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಈಗಾಗಲೇ ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.