ದೊದಾಯ್ ವೈಎಸ್

‘ಮೊಬೈಲ್ ಸೂಟ್ ಗುಂಡಮ್’ ಎಂಬ ಜಪಾನಿ ಅನಿಮೇಷನ್ ಸರಣಿಯಲ್ಲಿ ಬರುವ ಕಾಲ್ಪನಿಕ ಬಾಂಬರ್ ವಿಮಾನ. ಯೋಶಿಯುಕಿ ತೋಮಿನೊ ನಿರ್ದೇಶನದ ಈ ಸರಣಿ 1979ರ ಏಪ್ರಿಲ್‌ನಿಂದ 1980ರ ಜನವರಿಯವರೆಗೆ 43 ಕಂತುಗಳಲ್ಲಿ ಪ್ರಸಾರವಾಯಿತು. ಕಥೆಯಲ್ಲಿ ದೊದಾಯ್, ಭೂ ಒಕ್ಕೂಟದ ವಿರುದ್ಧ ಹೋರಾಡುವ ಜಿಯೋನ್ ಪಡೆಯ ವಾಹನ.

ಈ ಕಥೆಯಲ್ಲಿ ಮನುಷ್ಯರು ಒಳಗೆ ಕೂತು ನಡೆಸುವ ಸುಮಾರು 18 ಮೀಟರ್ ಎತ್ತರದ ಯಂತ್ರಮಾನವರು ಬಾಹ್ಯಾಕಾಶದಲ್ಲಿ ಸಲೀಸಾಗಿ ತೇಲಾಡುತ್ತಾರೆ. ಭೂಮಿಗೆ ಇಳಿದರೆ ಗುರುತ್ವ ಅವರನ್ನು ನೆಲಕ್ಕೆ ಕಟ್ಟಿಹಾಕುತ್ತದೆ, ಜಿಗಿಯಬಲ್ಲರು, ಹಾರಲಾರರು. ಈ ಕೊರತೆ ನೀಗಿಸಲು ಬಂದದ್ದೇ ದೊದಾಯ್. ಇದರ ಚಪ್ಪಟೆ ಬೆನ್ನಿನ ಮೇಲೆ ಗೌಫ್ ಎಂಬ ನೀಲಿ ಯಂತ್ರಮಾನವ ನಿಂತು ಶತ್ರುವಿನತ್ತ ಸಾಗುತ್ತದೆ, ಸಮಯ ನೋಡಿ ಮೇಲಿಂದ ಜಿಗಿಯುತ್ತದೆ. ವಿಮಾನ ಬರಿಯ ಸವಾರಿಯಲ್ಲ: ಮೂತಿಯಲ್ಲಿರುವ ಎಂಟು ಕ್ಷಿಪಣಿ ಕೊಳವೆಗಳಿಂದ ತಾನೂ ದಾಳಿ ಮಾಡುತ್ತದೆ. ದೈತ್ಯ ಯಂತ್ರಗಳಿಗೂ ಭಾರ, ಮಿತಿ, ಪರಾವಲಂಬನೆ ಉಂಟೆಂದು ತೋರಿಸಿದ್ದು ಈ ಕಲ್ಪನೆಯ ನಿಜವಾದ ಹೆಚ್ಚುಗಾರಿಕೆ. ಗುಂಡಮ್ ಯುದ್ಧಕಥೆಯಾಗಿ ನಂಬಿಕೆ ಹುಟ್ಟಿಸುವುದು ಇಂಥ ವಿವರಗಳಿಂದಲೇ.

ಇದೇ ರೀತಿ ಎದುರಾಳಿ ಭೂ ಒಕ್ಕೂಟದ ಜಿ-ಫೈಟರ್ ವಿಮಾನದ ಮೇಲೂ ಗುಂಡಮ್ ಎಂಬ ಯಂತ್ರಮಾನವ ಸವಾರಿ ಮಾಡುತ್ತದೆ. 1985ರಲ್ಲಿ ಆರಂಭವಾದ ‘ಝೀಟಾ ಗುಂಡಮ್’ ಸರಣಿಯಲ್ಲಿ ದೊದಾಯ್‌ನ ಸುಧಾರಿತ ರೂಪವಾದ ದೊದಾಯ್ ಕಾಯ್ ಹಾಗೂ ಬೇಸ್ ಜಾಬರ್ ಇದೇ ಕೆಲಸಕ್ಕೆ ಬಳಕೆಯಾದವು.