‘ಬೆಚ್ಚಗೆ’: ಅರ್ಥ ಮತ್ತು ಬಳಕೆ

‘ಬೆಚ್ಚಗೆ’ ಎಂಬುದು ಮೈಗೆ ಹಿತವಾಗುವ ಶಾಖವನ್ನು ಸೂಚಿಸುವ ಅಚ್ಚಗನ್ನಡ ಪದ. ‘ಬೆಚ್ಚನೆ’ ಎಂಬುದು ಇದರ ಇನ್ನೊಂದು ರೂಪ. ಬೇಯು, ಬೆಂಕಿ, ಬಿಸಿ, ಬಿಸಿಲು ಇವೆಲ್ಲ ಇದೇ ಬಳಗದವು. ತಮಿಳಿನ ‘ವೆಪ್ಪಂ’, ತೆಲುಗಿನ ‘ವೆಚ್ಚನಿ’ ಇದರ ಸೋದರ ಪದಗಳು. ತುಳುವಿನಲ್ಲಿ ‘ಬೆಚ್ಚ ನೀರ್’ ಎಂದರೆ ಬಿಸಿನೀರೇ. ಮಂಗಳೂರಿನ ನೆಂಟರ ಬಚ್ಚಲಿನಲ್ಲಿ ಎಚ್ಚರವಿರಲಿ.

ಕನ್ನಡದಲ್ಲಿ ಬಿಸಿಗೂ ಬೆಚ್ಚಗೆಗೂ ಇರುವ ಅಂತರ ಕೇವಲ ಪ್ರಮಾಣದ್ದಲ್ಲ. ಬಿಸಿ ವಸ್ತುವಿನ ಗುಣ. ಬೆಚ್ಚಗೆ ಎಂಬುದು ಹೆಚ್ಚಾಗಿ ನಮ್ಮ ಅನುಭವ. ಕಂಬಳಿಯನ್ನು ಮುಟ್ಟಿದರೆ ಬಿಸಿಯಿರುವುದಿಲ್ಲ, ಹೊದ್ದರೆ ಬೆಚ್ಚಗಾಗುತ್ತದೆ. ಹಾಸಿಗೆ ಬೆಚ್ಚಗಿದ್ದರೆ ಸುಖ. ಕಾಫಿ ಬೆಚ್ಚಗಿದೆಯೆಂದರೆ ಅದು ದೂರು! ಮಗುವಿನ ಮೈ ಬೆಚ್ಚಗಿದೆಯೆಂದರೆ ಜ್ವರದ ಶಂಕೆ. ಉಗುರು ತಾಳುವಷ್ಟೇ ಬಿಸಿಯಾದ ನೀರು ‘ಉಗುರುಬೆಚ್ಚಗಿನ ನೀರು’.

ದೆಹಲಿಯ ನಮ್ಮ ಮನೆಗಳಲ್ಲಿ ಈ ಅಂತರ ಮಾಸುತ್ತಿದೆ. ಹಿಂದಿಯ ‘ಗರಂ’ ಚಹಾಕ್ಕೂ ಸಲ್ಲುತ್ತದೆ, ಸ್ವೆಟರಿಗೂ ಸಲ್ಲುತ್ತದೆ. ಹೀಗಾಗಿ ‘ಗರಂ ಕಪಡೆ’ ಮಕ್ಕಳ ಬಾಯಲ್ಲಿ ‘ಬಿಸಿ ಬಟ್ಟೆ’ ಆಗಿಬಿಡುತ್ತದೆ. ಚಾಣಕ್ಯಪುರಿಯ ಕರ್ನಾಟಕ ಭವನಕ್ಕೆ ಡಿಸೆಂಬರಿನಲ್ಲಿ ಬಂದಿಳಿದ ಅಜ್ಜಿಯನ್ನು ಮೊಮ್ಮಗು ‘ಬಿಸಿ ಬಟ್ಟೆ ತಂದಿದ್ದೀರಾ?’ ಎಂದು ಕೇಳಿದರೆ, ಆಕೆಗೆ ನೆನಪಾಗುವುದು ಇಸ್ತ್ರಿ ಪೆಟ್ಟಿಗೆ. ‘ಬೆಚ್ಚನೆಯ ಉಡುಪು’ ಎಂದು ತಿದ್ದಿಕೊಡುವುದು ಹಿರಿಯರ ಕೆಲಸ. 2021ರ ಜನವರಿ 1ರಂದು ಸಫ್ದರ್‌ಜಂಗ್‌ನಲ್ಲಿ 1.1 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೆಂಗಳೂರಿನವರಿಗಿಂತ ಈ ಪದದ ಅಗತ್ಯ ನಮಗೇ ಹೆಚ್ಚು.

ಶಾಖದಾಚೆಗೂ ಇದರ ಬಳಕೆಯುಂಟು. ಸಂಸಾರಸುಖವನ್ನು ಕುರಿತ ಸರ್ವಜ್ಞನ ಪ್ರಸಿದ್ಧ ತ್ರಿಪದಿ ಆರಂಭವಾಗುವುದೇ ಈ ಪದದಿಂದ. ಅಲ್ಲಿ ಅದು ಮನೆಯ ವಿಶೇಷಣ. ಹಣವನ್ನು ‘ಬೆಚ್ಚಗೆ ಇಡುವುದು’ ಎಂದರೆ ಭದ್ರವಾಗಿ ಕೂಡಿಡುವುದು. ‘ಕೈ ಬೆಚ್ಚಗೆ ಮಾಡುವುದು’ ಎಂದರೆ ಲಂಚ ಕೊಡುವುದು. ರಾಜಧಾನಿಯ ವಾಸಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಸಭೆಗಳಲ್ಲಿ ಕೇಳಿಬರುವ ‘ಬೆಚ್ಚನೆಯ ಸ್ವಾಗತ’ ಇಂಗ್ಲಿಷಿನ ನೆರಳು. ಆದರದ ಸ್ವಾಗತ, ಆತ್ಮೀಯ ಸ್ವಾಗತ ಎಂಬ ಮಾತುಗಳು ನಮ್ಮಲ್ಲಿರುವಾಗ ಅದು ಅನಗತ್ಯ.

‘ಬೆಚ್ಚಿಬೀಳು’ ಎಂಬುದಕ್ಕೂ ಈ ಪದಕ್ಕೂ ನಂಟಿಲ್ಲ. ಅದು ಹೆದರು ಎಂಬರ್ಥದ ಹಳಗನ್ನಡದ ‘ಬೆರ್ಚು’ ಧಾತುವಿನಿಂದ ಬಂದದ್ದು. ಮಲೆನಾಡಿನ ಗದ್ದೆಗಳಲ್ಲಿ ಹಕ್ಕಿಗಳನ್ನು ಬೆದರಿಸುತ್ತ ನಿಲ್ಲುವ ಬೆರ್ಚಪ್ಪ ಆ ಮನೆತನದವನು.