ಹೊಸಪೇಟೆ–ಸಂಡೂರು ಪ್ರದೇಶದಲ್ಲಿ ವಯಸ್ಕರ ಶಿಕ್ಷಣ

ವಯಸ್ಕರ ಶಿಕ್ಷಣವೆಂದರೆ ಶಾಲೆಯ ವಯಸ್ಸನ್ನು ಮೀರಿದವರಿಗೆ, ಸಾಮಾನ್ಯವಾಗಿ 15 ವರ್ಷ ದಾಟಿದವರಿಗೆ, ಓದು, ಬರಹ, ಲೆಕ್ಕ ಹಾಗೂ ದಿನಬಳಕೆಯ ತಿಳಿವಳಿಕೆಯನ್ನು ನೀಡುವ ವ್ಯವಸ್ಥೆ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಗಳನ್ನೊಳಗೊಂಡ ತುಂಗಭದ್ರಾ ತೀರದ ಪ್ರದೇಶದಲ್ಲಿ ಈ ಶಿಕ್ಷಣ ಬೆಳೆದ ಬಗೆ, ಅದರಿಂದ ದೊರೆಯುವ ಆರ್ಥಿಕ ಮತ್ತು ಸಾಮಾಜಿಕ ಪ್ರಯೋಜನ ಹಾಗೂ ಅದಕ್ಕೆ ತಗಲುವ ವೆಚ್ಚವನ್ನು ಈ ಲೇಖನ ವಿವರಿಸುತ್ತದೆ.

ಪ್ರದೇಶ ಮತ್ತು ಸಾಕ್ಷರತೆಯ ಪ್ರಮಾಣ

ಈ ನಾಲ್ಕು ಊರುಗಳೂ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿಯೂ ಹೊಸ ಜಿಲ್ಲೆಗೆ ಸೇರಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ಆದ್ದರಿಂದ ಲಭ್ಯವಿರುವ ಜನಗಣತಿಯ ಅಂಕಿಗಳು ಅವಿಭಜಿತ ಬಳ್ಳಾರಿ ಜಿಲ್ಲೆಗೆ ಸಂಬಂಧಿಸಿದವು. 2001ರಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇ. 57.40; ಮಹಿಳೆಯರಲ್ಲಿ ಅದು ಕೇವಲ ಶೇ. 45.28. 2011ರ ವೇಳೆಗೆ ಒಟ್ಟು ಪ್ರಮಾಣ ಶೇ. 67.43ಕ್ಕೂ ಮಹಿಳೆಯರ ಪ್ರಮಾಣ ಶೇ. 58.09ಕ್ಕೂ ಏರಿತು. ಅದೇ ವರ್ಷ ರಾಜ್ಯದ ಸರಾಸರಿ ಶೇ. 75.36 ಆಗಿತ್ತು. ಈ ಏರಿಕೆಯನ್ನೆಲ್ಲ ವಯಸ್ಕರ ಶಿಕ್ಷಣದ ಫಲವೆಂದು ಎಣಿಸಲಾಗದು. ಜನಗಣತಿಯು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರೆಲ್ಲರನ್ನೂ ಗಣನೆಗೆ ತೆಗೆದುಕೊಳ್ಳುವುದರಿಂದ, ಶಾಲೆಗೆ ಸೇರಿದ ಮಕ್ಕಳ ಪಾಲೇ ಇದರಲ್ಲಿ ದೊಡ್ಡದು. ಅವರ ತಾಯಂದಿರಲ್ಲಿ ಅನೇಕರು ಹಿಂದುಳಿದಲ್ಲಿಯೇ ಇದ್ದಾರೆ.

ನಿರಕ್ಷರತೆ ಎಂಬುದು ಅಜ್ಞಾನವಲ್ಲ ಎಂಬುದಕ್ಕೆ ಈ ಪ್ರದೇಶವೇ ಸಾಕ್ಷಿ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಕಲಾವಿದೆ ಈರಮ್ಮ (1930–2014) ಅಕ್ಷರ ಕಲಿತವರಲ್ಲ. ಆದರೂ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರಾಗಿದ್ದ ಅವರನ್ನು ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿ ನೀಡಿ ಗೌರವಿಸಿತು. ವಯಸ್ಕರಿಗೆ ಕಲಿಸಹೊರಟವರು ಇದನ್ನು ಮರೆತು, ಎದುರಿಗಿರುವವರನ್ನು ಮಕ್ಕಳಂತೆ ಕಂಡಲ್ಲೆಲ್ಲ ತರಗತಿ ಬೇಗನೆ ಖಾಲಿಯಾಗುತ್ತದೆ.

ಇತಿಹಾಸ

ಮೈಸೂರು ಸಂಸ್ಥಾನದಲ್ಲಿ 1940ರ ದಶಕದ ಆರಂಭದಲ್ಲಿಯೇ ವಯಸ್ಕರ ಶಿಕ್ಷಣ ಸಮಿತಿಯ ಕೆಲಸ ಮೊದಲಾಗಿ, ಮುಂದೆ ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಗಳು ಹೊಸದಾಗಿ ಓದು ಕಲಿತವರನ್ನು ತಲುಪಿದವು. ಬಳ್ಳಾರಿ ಸೀಮೆಗೆ ಈ ಅನುಕೂಲ ತಡವಾಗಿ ಬಂದಿತು. ಹೊಸಪೇಟೆ, ಕಂಪ್ಲಿಗಳು ಮದರಾಸು ಆಡಳಿತಕ್ಕೆ ಸೇರಿದ್ದವು. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು.

1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು 15ರಿಂದ 35 ವರ್ಷದೊಳಗಿನ ಹತ್ತು ಕೋಟಿ ಜನರನ್ನು ಐದು ವರ್ಷಗಳಲ್ಲಿ ತಲುಪುವ ಗುರಿ ಹೊಂದಿತ್ತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಯಿತು. ಕೇರಳದ ಎರ್ನಾಕುಲಂ ಜಿಲ್ಲೆಯ ಯಶಸ್ಸಿನ ಮಾದರಿಯಲ್ಲಿ 1990ರ ದಶಕದಲ್ಲಿ ಕರ್ನಾಟಕದ ಜಿಲ್ಲೆಗಳಲ್ಲಿಯೂ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯಿತು. ಮೂರು ಪಾಠಪುಸ್ತಕಗಳನ್ನು ಸುಮಾರು 200 ಗಂಟೆಗಳಲ್ಲಿ ಮುಗಿಸುವುದು ಆಗಿನ ಪದ್ಧತಿ. ಬೀದಿನಾಟಕ, ಜಾಥಾ, ಹಾಡುಗಳ ಮೂಲಕ ಸ್ವಯಂಸೇವಕರು ಜನರನ್ನು ತರಗತಿಗೆ ಕರೆತಂದರು. 2009ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದ ‘ಸಾಕ್ಷರ ಭಾರತ’ ಯೋಜನೆಯು ಮಹಿಳಾ ಸಾಕ್ಷರತೆ ಶೇ. 50 ಅಥವಾ ಅದಕ್ಕಿಂತ ಕಡಿಮೆ ಇರುವ ಜಿಲ್ಲೆಗಳನ್ನು ಆರಿಸಿಕೊಂಡಿತು. 2001ರ ಅಂಕಿಗಳಂತೆ ಬಳ್ಳಾರಿಯೂ ಆ ಸಾಲಿನಲ್ಲಿ ಬರುತ್ತಿತ್ತು.

ಆರ್ಥಿಕ ಪ್ರಯೋಜನಗಳು

ಅಕ್ಷರ ಕಲಿತ ಮರುದಿನವೇ ಕೂಲಿ ಹೆಚ್ಚುವುದಿಲ್ಲ. ಮೊದಲು ಕಾಣುವುದು ನಷ್ಟ ತಪ್ಪುವುದು. ಕಂಪ್ಲಿಯ ಭತ್ತದ ಬಯಲಿನಲ್ಲಿ ರೈತನು ತೂಕದ ಚೀಟಿ, ತೇವಾಂಶದ ಹೆಸರಿನಲ್ಲಿ ಮಾಡಿದ ಕಡಿತ, ಗೊಬ್ಬರದ ಅಂಗಡಿಯ ಬಾಕಿ ಇವುಗಳನ್ನು ತಾನೇ ನೋಡಬಲ್ಲನಾದರೆ ಒಂದು ಸುಗ್ಗಿಯಲ್ಲಿ ಉಳಿಯುವ ಹಣ ಸಣ್ಣದಲ್ಲ. ಉದ್ಯೋಗ ಖಾತರಿ ಯೋಜನೆಯ ಕೂಲಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಹಾಜರಿಪಟ್ಟಿಯ ದಿನಗಳಿಗೂ ಪಾಸ್‌ಪುಸ್ತಕದ ಮೊತ್ತಕ್ಕೂ ತಾಳೆ ನೋಡಲು ಓದು ಬೇಕು, ಗುಣಾಕಾರವೂ ಬೇಕು. ಹೆಬ್ಬೆಟ್ಟು ಒತ್ತುವವರು ಈ ಎರಡಕ್ಕೂ ಬೇರೆಯವರನ್ನು ನಂಬಬೇಕಾಗುತ್ತದೆ.

ಸಂಡೂರಿನ ಗಣಿಗಳಲ್ಲಿ ಅಕ್ಷರಕ್ಕೆ ಇನ್ನೊಂದು ಬೆಲೆಯಿದೆ. ಸ್ಫೋಟದ ಸಮಯವನ್ನು ತಿಳಿಸುವ ಫಲಕ, ಅಪಾಯದ ಸೂಚನೆ, ಅಪಘಾತವಾದಾಗ ತುಂಬಬೇಕಾದ ಪರಿಹಾರದ ಅರ್ಜಿ, ಇವೆಲ್ಲವೂ ಬರಹದಲ್ಲಿರುತ್ತವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆಯನ್ನು ತಡೆದಾಗ ದಿನಗೂಲಿಯವರೂ ಲಾರಿಗಳನ್ನು ನಂಬಿದವರೂ ಬೇರೆ ಕೆಲಸ ಹುಡುಕಬೇಕಾಯಿತು. ಸಾರಿಗೆ ವಾಹನದ ಚಾಲನಾ ಪರವಾನಗಿಗೆ ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಯಮ 2019ರವರೆಗೂ ಇತ್ತು. ವರ್ಷಗಟ್ಟಲೆ ಲಾರಿಯಲ್ಲಿ ಕ್ಲೀನರ್ ಆಗಿದ್ದವನಿಗೆ ಚಾಲಕನ ಆಸನ ದೊರೆಯದಿರಲು ಇದೊಂದೇ ಕಾರಣ ಸಾಕಾಗಿತ್ತು.

ಕುಶಲಕರ್ಮಿಗಳ ವಿಷಯದಲ್ಲಿ ಲಾಭ ಹೆಚ್ಚು ಸ್ಪಷ್ಟ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸೂಜಿಯ ಕೌಶಲವನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಳತೆ, ಬೇಡಿಕೆಯ ಸಂಖ್ಯೆ, ಒಪ್ಪಿಸಬೇಕಾದ ದಿನಾಂಕ, ಒಂದು ವಸ್ತುವಿನ ಕೂಲಿ ಮತ್ತು ಮಾರಾಟದ ಬೆಲೆ ಇವುಗಳ ಲೆಕ್ಕ ತಿಳಿದಾಗ ಮಾತ್ರ ಕೈಕೆಲಸದ ಲಾಭದಲ್ಲಿ ತನ್ನ ಪಾಲನ್ನು ಕೇಳಲು ಸಾಧ್ಯ. ಹಂಪಿಯ ಆಟೋ ಚಾಲಕರು, ಸಣ್ಣ ಅಂಗಡಿಯವರು, ಹೋಟೆಲ್ ನೌಕರರಿಗೂ ಇದೇ ಮಾತು ಅನ್ವಯಿಸುತ್ತದೆ.

ಸಾಲದ ವಿಷಯ ಪ್ರತ್ಯೇಕವಾಗಿ ಹೇಳತಕ್ಕದ್ದು. ಕಿರುಸಾಲದ ಪತ್ರಗಳಿಗೆ ಓದದೆ ಸಹಿ ಮಾಡಿದ ಮಹಿಳೆಯರ ಕಷ್ಟ ರಾಜ್ಯದಾದ್ಯಂತ ಚರ್ಚೆಯಾಗಿ, ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಹಿ ಮಾಡಲು ಕಲಿಯುವುದು ಸಾಕ್ಷರತೆಯಲ್ಲ. ಸಹಿಯ ಮೇಲಿರುವುದನ್ನು ಓದಬಲ್ಲದ್ದು ಸಾಕ್ಷರತೆ. ಹೆಸರು ಬರೆಯಲು ಕಲಿಸಿ ಸಾಕ್ಷರರೆಂದು ಪಟ್ಟಿ ಮಾಡಿದ ಉದಾಹರಣೆಗಳು ಹಿಂದಿನ ಆಂದೋಲನಗಳಲ್ಲಿ ಕಡಿಮೆಯೇನಲ್ಲ.

ಕುಟುಂಬ ಮತ್ತು ಸಮಾಜ

ತಾಯಿ ಕಲಿತರೆ ಮಕ್ಕಳು ಕಲಿಯುತ್ತಾರೆಂಬ ನಂಬಿಕೆಯನ್ನು ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತಾಯಂದಿರ ತರಗತಿಯಿಂದ ಮಕ್ಕಳ ಗಣಿತದ ಕಲಿಕೆ ಸುಧಾರಿಸಿತು, ಆದರೆ ಅಲ್ಪ ಪ್ರಮಾಣದಲ್ಲಿ. ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಅಕ್ಷರದ ಜೊತೆಗೆ ಮೊಬೈಲ್ ಫೋನ್ ಬಳಕೆಯನ್ನೂ ಕಲಿತ ವಯಸ್ಕರು ಉಳಿದವರಿಗಿಂತ ಹೆಚ್ಚು ಅಂಕ ಪಡೆದರು. ಕಲಿತದ್ದನ್ನು ದಿನವೂ ಬಳಸುವ ಅವಕಾಶ ಅವರಿಗೆ ಕೈಯಲ್ಲಿಯೇ ಇತ್ತು.

ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ನಡವಳಿ ಪುಸ್ತಕವನ್ನು ಓದಬಲ್ಲ ಸದಸ್ಯೆಗೂ, ಗಂಡನೋ ಮಗನೋ ಓದಿ ಹೇಳಬೇಕಾದ ಸದಸ್ಯೆಗೂ ಅಧಿಕಾರದಲ್ಲಿ ಇರುವ ಅಂತರ ದೊಡ್ಡದು. ಸ್ವಸಹಾಯ ಸಂಘಗಳಲ್ಲಿಯೂ ಹಾಗೆಯೇ: ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಸಂಘವೂ ಅವರ ಕೈಯಲ್ಲಿರುತ್ತದೆ.

ಭಾಷೆ ಮತ್ತು ಇತರ ತೊಡಕುಗಳು

ಇಲ್ಲಿಯ ಕಲಿಕಾರ್ಥಿಗಳೆಲ್ಲರ ಮನೆಮಾತು ಕನ್ನಡವಲ್ಲ. ತಾಂಡಾಗಳಲ್ಲಿ ಲಂಬಾಣಿ, ಗಡಿಯ ಕಡೆ ತೆಲುಗು, ಪೇಟೆಗಳಲ್ಲಿ ಉರ್ದು ಬಳಕೆಯಲ್ಲಿವೆ. ಲಂಬಾಣಿಗೆ ತನ್ನದೇ ಲಿಪಿಯಿಲ್ಲದ ಕಾರಣ ತಾಂಡಾದ ಹೆಂಗಸು ಲಿಪಿಯನ್ನೂ ಇನ್ನೊಂದು ಭಾಷೆಯ ಬರಹರೂಪವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಎಲ್ಲರಿಗೂ ಒಂದೇ ಅವಧಿ ನಿಗದಿಪಡಿಸುವ ಯೋಜನೆಗಳು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ಕೆಲಸ ಅರಸಿ ಗುಳೆ ಹೋಗುವ ತಿಂಗಳುಗಳಲ್ಲಿ ತರಗತಿ ನಿಲ್ಲುತ್ತದೆ. ನಾಟಿ, ಕೊಯ್ಲಿನ ದಿನಗಳಲ್ಲಿ ರಾತ್ರಿ ಕಣ್ಣು ಮುಚ್ಚಿಕೊಳ್ಳುತ್ತವೆ. ಇನ್ನೊಂದು ಸಣ್ಣ ಸಂಗತಿ: ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ದಡ್ಡತನವೆಂದು ತಾವೇ ನಾಚಿ ಮನೆಗೆ ಮರಳಿದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದುದು ಕನ್ನಡಕ ಮಾತ್ರ.

ವೆಚ್ಚ ಮತ್ತು ಮುಂದುವರಿಕೆ

ಸಾಕ್ಷರ ಭಾರತ ಯೋಜನೆಯಡಿ ಪ್ರತಿ ಲೋಕ ಶಿಕ್ಷಣ ಕೇಂದ್ರದಲ್ಲಿ ಇಬ್ಬರು ಪ್ರೇರಕರಿಗೆ ತಲಾ 2,000 ರೂಪಾಯಿ ಮಾಸಿಕ ಗೌರವಧನವಿತ್ತು. ಅಂದರೆ ಒಂದು ಗ್ರಾಮ ಪಂಚಾಯತಿಗೆ ವರ್ಷಕ್ಕೆ 48,000 ರೂಪಾಯಿ. ಯೋಜನೆ 2018ರ ಮಾರ್ಚ್‌ನಲ್ಲಿ ಕೊನೆಗೊಂಡಿತು. 2022ರಿಂದ 2027ರವರೆಗೆ ನಡೆಯುವ ‘ಉಲ್ಲಾಸ್’ ಕಾರ್ಯಕ್ರಮಕ್ಕೆ ಕೇಂದ್ರ ಮತ್ತು ರಾಜ್ಯಗಳ ಪಾಲು ಸೇರಿ 1,037.90 ಕೋಟಿ ರೂಪಾಯಿ ನಿಗದಿಯಾಗಿದೆ. ಗುರಿ ಐದು ಕೋಟಿ ಕಲಿಕಾರ್ಥಿಗಳು. ಭಾಗಿಸಿದರೆ ತಲೆಗೆ ಸುಮಾರು 208 ರೂಪಾಯಿ. ಇದು ಸಾಧ್ಯವಾಗುವುದು ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರಾಗಿರುವುದರಿಂದ. ಸ್ವಯಂಸೇವೆ ಆಂದೋಲನವನ್ನು ಆರಂಭಿಸಬಲ್ಲದು. ಹತ್ತು ವರ್ಷ ದೀಪ ಹಚ್ಚಿಡುವ ಕೆಲಸಕ್ಕೆ ಸಂಬಳದ ಮನುಷ್ಯ ಬೇಕೆಂಬುದು 1990ರ ದಶಕದ ಅನುಭವ.

ಯೋಜನೆಗಳ ನಡುವಿನ ಬಿಡುವಿನಲ್ಲಿ ನವಸಾಕ್ಷರರು ಕಲಿತದ್ದನ್ನು ಮರೆಯುವುದೇ ಈ ಕ್ಷೇತ್ರದ ದೊಡ್ಡ ನಷ್ಟ. ದೊಡ್ಡ ಅಕ್ಷರದ ಪುಸ್ತಕ, ದಿನಪತ್ರಿಕೆ, ಸಂಜೆ ತೆರೆದಿರುವ ಗ್ರಂಥಾಲಯ ಇದನ್ನು ತಡೆಯಬಲ್ಲವು. ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಅವು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರಿಂದ ತುಂಬಿರುತ್ತವೆ. ಕೂಲಿಯಿಂದ ಮರಳಿದ ಹೆಂಗಸರು ಒಳಗೆ ಬರಲು ಸಂಕೋಚಪಡುತ್ತಾರೆ.

ಉಲ್ಲಾಸ್ ಕಾರ್ಯಕ್ರಮದ ಕೊನೆಯಲ್ಲಿ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳ ಪರೀಕ್ಷೆಯಿದ್ದು, ತೇರ್ಗಡೆಯಾದವರಿಗೆ ಪ್ರಮಾಣಪತ್ರ ನೀಡಲಾಗುತ್ತದೆ. ಜನಗಣತಿಯಲ್ಲಿ ವಿಜಯನಗರ ಜಿಲ್ಲೆಯನ್ನು ಪ್ರತ್ಯೇಕವಾಗಿ ಎಣಿಸುವುದು 2027ರಲ್ಲಿಯೇ ಮೊದಲು.